ಸರೋವರದ ಮಾಡೆಲ್: ಮೊದಲು ಕಾಗದದ ಲೆಕ್ಕ, ಆಮೇಲೆ ಗಾಳಿ

ದೊಡ್ಡ ಸರೋವರದಲ್ಲಿ ನೀರು ಹೇಗೆ ಓಡಾಡುತ್ತದೆ ಅಂತ ಕಂಪ್ಯೂಟರಿನಲ್ಲಿ ತೋರಿಸಬೇಕೇ? ಅದಕ್ಕೆ ಎಫ್‌ವಿಕಾಮ್ (FVCOM), ಡೆಲ್ಫ್ಟ್ ತ್ರೀಡಿ (Delft3D) ಅಂತ ಸಾಫ್ಟ್‌ವೇರ್‌ಗಳಿವೆ, ಎರಡೂ ಒಳ್ಳೆಯವೇ. ಯಾವುದು ಬೇಕು ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹೊಸಬರ ಕೈಯಲ್ಲಿ ನಾನು ಮೊದಲು ಮಾಡಿಸುವುದು ಕಾಗದದ ಮೇಲಿನ ಒಂದು ಲೆಕ್ಕ.

ಅಮೆರಿಕ-ಕೆನಡಾ ಗಡಿಯ ಈರಿ ಸರೋವರವನ್ನೇ ನೋಡಿ. ಉದ್ದ ಸುಮಾರು 388 ಕಿ.ಮೀ., ಸರಾಸರಿ ಆಳ ಬರೀ 19 ಮೀಟರ್. ಪಶ್ಚಿಮದಿಂದ ಜೋರು ಗಾಳಿ ಬೀಸಿದರೆ ಪಶ್ಚಿಮ ತುದಿಯ ಟೊಲೀಡೊ ಕಡೆ ನೀರು ಇಳಿದು ಪೂರ್ವ ತುದಿಯ ಬಫಲೊ ಕಡೆ ಏರುತ್ತದೆ. ಗಾಳಿ ನಿಂತರೆ ಇಡೀ ಸರೋವರ ತೊಟ್ಟಿಲಿನ ಹಾಗೆ ತೂಗುತ್ತದೆ. ಒಂದು ತೂಗಿಗೆ ಎಷ್ಟು ಹೊತ್ತು? ಆಳವನ್ನು 9.8ರಿಂದ (ಗುರುತ್ವಾಕರ್ಷಣೆ) ಗುಣಿಸಿ ವರ್ಗಮೂಲ ತೆಗೆಯಿರಿ, ಅದೇ ಅಲೆ ಓಡುವ ವೇಗ. ಅದರಿಂದ ಉದ್ದದ (ಮೀಟರಿನಲ್ಲಿ) ಎರಡರಷ್ಟನ್ನು ಭಾಗಿಸಿ, ಬಂದ ಸೆಕೆಂಡುಗಳನ್ನು ಗಂಟೆಗೆ ತಿರುಗಿಸಿ. ಸುಮಾರು 16 ಗಂಟೆ ಬರುತ್ತದೆ. ನಿಜವಾಗಿ ಅಳೆದದ್ದು 14ರ ಆಸುಪಾಸು. ತಳ ಸಮವಾಗಿಲ್ಲ ಅಲ್ವಾ, ಇಷ್ಟು ವ್ಯತ್ಯಾಸ ಸಹಜ. ಮಾಡೆಲ್ 8 ಗಂಟೆ ತೋರಿಸಿದರೆ ಆಳದ ಫೈಲ್ ತೆಗೆದು ನೋಡಿ. ಅಡಿಗಳಲ್ಲಿ (ಫೀಟ್) ಬರೆದ ಆಳವನ್ನು ಮೀಟರ್ ಅಂತ ಓದಿಸಿದರೆ ಹೀಗೇ ಆಗುವುದು.

ಟೈಮ್ ಸ್ಟೆಪ್, ಅಂದರೆ ಮಾಡೆಲ್ ಒಂದೊಂದು ಹೆಜ್ಜೆಗೆ ಮುಂದೆ ಹೋಗುವ ಸಮಯ ಕೂಡ ಇದೇ ಲೆಕ್ಕದಿಂದ ಸಿಗುತ್ತದೆ. 64 ಮೀಟರ್ ಆಳದಲ್ಲಿ ಇಂಥ ಅಲೆ ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಅಂದರೆ 500 ಮೀಟರಿನ ಒಂದು ಗ್ರಿಡ್ ಮನೆಯನ್ನು (ಲೆಕ್ಕಕ್ಕಾಗಿ ಸರೋವರವನ್ನು ಕತ್ತರಿಸಿದ ಒಂದು ತುಂಡು) 20 ಸೆಕೆಂಡಿನಲ್ಲಿ ದಾಟುತ್ತದೆ. ಎಫ್‌ವಿಕಾಮ್‌ನಲ್ಲಿ ನೀರಿನ ಮಟ್ಟ ಲೆಕ್ಕ ಹಾಕುವ ಸ್ಟೆಪ್ ಅದಕ್ಕಿಂತ ಸಾಕಷ್ಟು ಕಡಿಮೆ ಇರಲಿ, ಇಲ್ಲದಿದ್ದರೆ ರನ್ ಅರ್ಧದಲ್ಲೇ ಕುಸಿಯುತ್ತದೆ.

ಇನ್ನು ಗಾಳಿ. ನಿಮ್ಮ ಸಮಯದ ದೊಡ್ಡ ಪಾಲು ಇದಕ್ಕೇ ಕೊಡಿ. ನೀರಿನ ಮೇಲೆ ಬೀಳುವ ಎಳೆತ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 20 ಶೇಕಡಾ ಕಮ್ಮಿ ಹಾಕಿದರೆ ಎಳೆತ 36 ಶೇಕಡಾ ಕಮ್ಮಿಯಾಗಿಬಿಡುತ್ತದೆ! ಮರ, ಕಟ್ಟಡಗಳ ಅಡ್ಡಿ ಇಲ್ಲದ್ದರಿಂದ ನೀರಿನ ಮೇಲೆ ಗಾಳಿ ಸಾಮಾನ್ಯವಾಗಿ ಜಾಸ್ತಿ. ದಡದ ವಿಮಾನ ನಿಲ್ದಾಣದ ಅಳತೆಯನ್ನು ಹಾಗೇ ತುಂಬಬೇಡಿ. ಸರೋವರದೊಳಗೆ ತೇಲುವ ಅಳತೆ ಉಪಕರಣಗಳ (buoy) ದಾಖಲೆ ಹುಡುಕಿ. ಯಾವ ಎತ್ತರದಲ್ಲಿ ಅಳೆದದ್ದು ಅಂತಲೂ ನೋಡಿ, 10 ಮೀಟರ್ ಎತ್ತರಕ್ಕೆ ಹೊಂದಿಸಿಕೊಳ್ಳಿ.

ಮೊದಲ ರನ್‌ನಲ್ಲಿ ಎಲ್ಲೆಡೆ ಒಂದೇ ತಾಪಮಾನ ಇಡಿ. ಅದು ಸರಿಬಂದ ಮೇಲೆ ಬೇಸಿಗೆಯ ಪದರಗಳನ್ನು ಸೇರಿಸಿ: ಮೇಲೆ ಬಿಸಿನೀರು, ಕೆಳಗೆ ತಣ್ಣೀರು. ನಿಂತ ನೀರಿನಿಂದ ಶುರು ಮಾಡಿದ್ದರೆ ಆರಂಭದ ದಿನಗಳ ಫಲಿತಾಂಶ ಬಿಟ್ಟುಬಿಡಿ.

ದಡದ ನೀರಿನ ಮಟ್ಟ ತಾಳೆಯಾಯಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಒಳಗಿನ ಹರಿವು ತಪ್ಪಿದ್ದರೂ ಮಟ್ಟ ಸರಿಬರಬಹುದು. ಬೇರೆ ಬೇರೆ ಆಳದಲ್ಲಿ ಅಳೆದ ತಾಪಮಾನ ಮತ್ತು ಹರಿವಿನ ವೇಗದ ಜೊತೆ ಹೋಲಿಸಿ, ಆಮೇಲೇ ನಕ್ಷೆ ಹೊರಗೆ ಕೊಡಿ.