ಇಳಿಸಿದ ಸ್ವಿಫ್ಟು, ತೆಳು ಟೈರು: ಪೆಟ್ಟು ಎಲ್ಲಿಂದ ಬರುತ್ತಿತ್ತು?

ನನ್ನದು 2014ರ ಸ್ವಿಫ್ಟ್ ಝಡ್‌ಡಿಐ. ಕೊಂಡ ದಿನದಿಂದಲೂ ಅದರ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಇದ್ದ ಸಂದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ದುಡ್ಡು ಕೂಡಿಟ್ಟು ಒಂದು ದಿನ ಆಸೆ ತೀರಿಸಿಕೊಂಡೆ. 40 ಮಿ.ಮೀ. ಇಳಿಸುವ ಗಿಡ್ಡ ಸ್ಪ್ರಿಂಗ್, 17 ಇಂಚಿನ ಅಲಾಯ್, ಅದಕ್ಕೆ 205/45 ಟೈರು. ಕಂಪನಿ ಕೊಟ್ಟ ಶಾಕ್ ಅಬ್ಸಾರ್ಬರ್‌ಗಳನ್ನು ಅಂಗಡಿಯವರು ಹಾಗೇ ಬಿಟ್ಟರು. ಗಾಡಿ ನಿಂತಾಗ ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ, ಆ ಸಂಜೆ ಸುಮ್ನೆ ಅದರ ಸುತ್ತ ನಾಲ್ಕು ಸಲ ಓಡಾಡಿದೆ.

ಆ ಶನಿವಾರವೇ ಅಮ್ಮನನ್ನು ಕೂರಿಸಿಕೊಂಡು ಬೆಂಗಳೂರಿನಿಂದ ಮೂಡಿಗೆರೆ ಕಡೆಯ ನಮ್ಮ ಊರಿಗೆ ಹೊರಟೆ. ಪೀಣ್ಯ ಫ್ಲೈಓವರ್ ಮೇಲೆ ಪ್ರತಿ ಜಾಯಿಂಟಿಗೂ ‘ಟಕ್’ ಅನ್ನುತ್ತಿತ್ತು. ಹಾಸನ ದಾಟಿ ಬೇಲೂರು ರಸ್ತೆಗೆ ತಿರುಗಿದ ಮೇಲೆ ಹಂಪು ಬಂದಾಗಲೆಲ್ಲ ‘ಧಡ್’. ಅಮ್ಮ ದಾರಿಯುದ್ದಕ್ಕೂ ಬಾಗಿಲ ಮೇಲಿನ ಹಿಡಿ ಬಿಡಲಿಲ್ಲ. ಊರು ತಲುಪಿದ ಮೇಲೆ ಸೊಂಟ ಹಿಡಿದುಕೊಂಡು ಇಳಿದು ಒಂದೇ ಮಾತು ಹೇಳಿದಳು: “ವಾಪಸ್ ಹೋಗುವಾಗ ನಾನು ಬಸ್ಸಲ್ಲೇ ಬರ್ತೀನಿ ಕಣೋ.” ಹೇಳಿದ ಹಾಗೆ ಬಸ್ಸಲ್ಲೇ ಬಂದಳು.

ಕೇಳಿದವರೆಲ್ಲ ಟೈರನ್ನೇ ದೂರಿದರು. “ರಬ್ಬರೇ ಇಲ್ಲವಲ್ಲಪ್ಪ, ಇನ್ನೇನಾಗುತ್ತೆ?” ಅಂತ. ಲೆಕ್ಕ ಹಾಕಿದರೆ ಅದು ಅರ್ಧ ನಿಜ. ಟೈರಿನ ಅಳತೆಯಲ್ಲಿ ಮೊದಲ ಸಂಖ್ಯೆ ಮಿ.ಮೀ. ಲೆಕ್ಕದಲ್ಲಿ ಅಗಲ, ಎರಡನೆಯದು ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನೋದು. ಕಂಪನಿಯ 185/65 ಆರ್15 ಟೈರಿನ ಗೋಡೆ 120 ಮಿ.ಮೀ. ಎತ್ತರ. ನನ್ನ 205/45 ಆರ್17 ಟೈರಿನದು 92. ಮಣಿಯುವುದಕ್ಕೆ ಇದ್ದ ಜಾಗದಲ್ಲಿ ಸುಮಾರು ಕಾಲು ಭಾಗ ಹೋಯಿತು. ಆದರೆ ಇದೇ ಅಳತೆಯ ಟೈರು ಹಾಕಿಕೊಂಡು ಇಳಿಸದೆ ಓಡಿಸುವ ಸ್ನೇಹಿತನ ಗಾಡಿಯಲ್ಲಿ ಕೂತು ನೋಡಿದೆ. ಅದರಲ್ಲಿ ‘ಟಕ್’ ಇತ್ತು, ‘ಧಡ್’ ಇರಲಿಲ್ಲ. ನನ್ನ ಹುಡುಕಾಟ ಶುರುವಾಗಿದ್ದು ಅಲ್ಲಿಂದ.

ಇಳಿಸಿದ ಗಾಡಿ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ‘ಹಾರ್ಡ್ ಆಗಿದೆ’ ಅನ್ನೋ ಒಂದೇ ಮಾತಲ್ಲಿ ಮುಗಿಸಬೇಡಿ. ಸೀಟಲ್ಲಿ ಕೂತು ಗಮನ ಕೊಟ್ಟು ಕೇಳಿ. ಚಿಕ್ಕ ಚಿಕ್ಕ ಜಾಯಿಂಟ್, ಕಿತ್ತ ಡಾಂಬರು, ಇವಕ್ಕೆಲ್ಲ ಸ್ಟೇರಿಂಗಿಗೆ ಬರುವ ಚೂಪಾದ ಟಕಟಕ ಸಾಮಾನ್ಯವಾಗಿ ಟೈರು ಮತ್ತು ಗಾಳಿಯದು. ಹಂಪು ಹತ್ತುವಾಗ ಸುಮ್ಮನಿದ್ದು, ಇಳಿದು ಗಾಡಿ ಕೆಳಗೆ ಕೂರುವಾಗ ಬೆನ್ನಿಗೆ ಬೀಳುವ ಪೆಟ್ಟು ಸಸ್ಪೆನ್ಶನ್ನಿಗೆ ಜಾಗ ಸಾಲದೆ ಬರುವುದು. ಹಂಪು ದಾಟಿದ ಮೇಲೂ ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಸ್ಪ್ರಿಂಗನ್ನು ಹಿಡಿಯುತ್ತಿಲ್ಲ ಅಂತ ಅರ್ಥ. ನನ್ನ ಗಾಡಿಯಲ್ಲಿ ಈ ಮೂರೂ ಇದ್ದವು. ಒಂದರ ಮೇಲೊಂದು ಬಿದ್ದಿದ್ದರಿಂದ ಬೇರೆ ಮಾಡಿ ಕೇಳಿಸುತ್ತಿರಲಿಲ್ಲ.

ಹಾಗಾಗಿ ಒಂದು ನಿಯಮ ಹಾಕಿಕೊಂಡೆ. ನಮ್ಮೂರ ಹತ್ತಿರ ಎರಡು ಕಿಲೋಮೀಟರ್ ರಸ್ತೆ ಆರಿಸಿಕೊಂಡೆ. ಅದರಲ್ಲಿ ಮೂರು ಹಂಪು, ಒಂದು ಮೋರಿ, ತೇಪೆ ಹಾಕಿದ ಒಂದಿಷ್ಟು ಡಾಂಬರು ಇವೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸುವುದು, ಚೀಟಿಯಲ್ಲಿ ಬರೆದಿಡುವುದು.

ಮೊದಲು ಗಾಳಿ. ಟೈರು ಹಾಕಿದ ಅಂಗಡಿಯಲ್ಲಿ ‘ತೆಳು ಟೈರು, ಜಾಸ್ತಿ ಇರಲಿ’ ಅಂತ 40 ಪಿಎಸ್‌ಐ ತುಂಬಿದ್ದರು. ಬಾಗಿಲ ಕಂಬದ ಸ್ಟಿಕ್ಕರ್ ನೋಡಿ ಕಮ್ಮಿ ಮಾಡೋಣ ಅಂದರೆ, ಆ ಸ್ಟಿಕ್ಕರ್ ಹೇಳುವುದು 15 ಇಂಚಿನ ಟೈರಿಗೆ. ನನ್ನವು ಎಕ್ಸ್‌ಎಲ್ ಗುರುತಿನವು (ಹೆಚ್ಚು ಭಾರ ಹೊರೋಕೆ ಮಾಡಿದವು), ಲೋಡ್ ಇಂಡೆಕ್ಸ್ 88. ಅಂದರೆ ಒಂದು ಟೈರು 560 ಕಿಲೋ ಹೊರಬಲ್ಲದು. ಆದರೆ ಅಷ್ಟೇ ಭಾರ ಹೊರೋಕೆ ಎಕ್ಸ್‌ಎಲ್ ಟೈರಿಗೆ ಮಾಮೂಲಿ ಟೈರಿಗಿಂತ ಜಾಸ್ತಿ ಗಾಳಿ ಬೇಕು. ಬೆಳಿಗ್ಗೆ ಟೈರು ತಣ್ಣಗಿರುವಾಗ ಎರಡೆರಡು ಪಿಎಸ್‌ಐ ಇಳಿಸುತ್ತಾ ಬಂದೆ. 34ಕ್ಕೆ ಬಂದಾಗ ಸ್ಟೇರಿಂಗಿನ ಟಕಟಕ ಅರ್ಧಕ್ಕರ್ಧ ಕಮ್ಮಿಯಾಯಿತು. 30ಕ್ಕೆ ಇಳಿಸುವ ಆಸೆ ಆಯ್ತು, ಆದರೆ ಇಳಿಸಲಿಲ್ಲ. ಗೋಡೆ ಗಿಡ್ಡ ಇರುವ ಟೈರಿನಲ್ಲಿ ಗಾಳಿ ಕಮ್ಮಿ ಮಾಡಿ ಗುಂಡಿಗೆ ಬಿಟ್ಟರೆ, ಟೈರು ರಸ್ತೆಗೂ ಅಲಾಯ್ ಡಿಸ್ಕಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಆಮೇಲೆ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಾಣುತ್ತದೆ. ಆ ಉಬ್ಬು ಬಂದ ಟೈರಿಗೆ ರಿಪೇರಿ ಇಲ್ಲ, ತೆಗೆದು ಹಾಕಬೇಕು ಅಷ್ಟೇ.

ಎರಡನೆಯದನ್ನು ನನಗೆ ತೋರಿಸಿಕೊಟ್ಟಿದ್ದು ಒಂದು ಅಲೈನ್‌ಮೆಂಟ್ ಅಂಗಡಿಯ ಹಿರಿಯ ಮೆಕ್ಯಾನಿಕ್. ಗಾಡಿ ಕೆಳಗೆ ಬ್ಯಾಟರಿ ಬಿಟ್ಟು ನೋಡಿ, “ಸರ್, ಸ್ಪ್ರಿಂಗ್ ಹಾಕಿದವರು ಬುಷ್ ಬೋಲ್ಟನ್ನ ಗಾಡಿ ಮೇಲಿರುವಾಗಲೇ ಟೈಟ್ ಮಾಡವ್ರೆ” ಅಂದರು. ಏನು ಅಂತ ಕೇಳಿದೆ. ಅವರು ವಿವರಿಸಿದರು: ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ಆರ್ಮಿನ ರಬ್ಬರ್ ಬುಷ್ ಬೇರಿಂಗಿನ ಹಾಗೆ ತಿರುಗುವುದಿಲ್ಲ. ಅದರ ಒಳಗಿನ ಕೊಳವೆ ಬೋಲ್ಟಿಗೆ ಕಚ್ಚಿಕೊಂಡಿರುತ್ತೆ, ಆರ್ಮು ಆಡಿದಾಗ ರಬ್ಬರ್ ತಿರುಚಿಕೊಳ್ಳುತ್ತೆ. ಚಕ್ರ ಕೆಳಗೆ ಜೋತು ಬಿದ್ದಿರುವಾಗ ಬೋಲ್ಟ್ ಬಿಗಿದರೆ ಗಾಡಿ ನೆಲಕ್ಕೆ ಇಳಿದ ಕೂಡಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಒದ್ದೆ ಬಟ್ಟೆ ಹಿಂಡಿ ಹಾಗೇ ಹಿಡಿದುಕೊಂಡ ಹಾಗೆ. ಸ್ಪ್ರಿಂಗ್ ಜೊತೆಗೆ ಅದೂ ಒಂದು ಸ್ಪ್ರಿಂಗ್ ಆಗುತ್ತದೆ, ಬೇಗ ಹರಿದೂ ಹೋಗುತ್ತದೆ. ನಾಲ್ಕೂ ಚಕ್ರ ಹಲಗೆ ಮೇಲೆ ನಿಲ್ಲುವ ರ‍್ಯಾಂಪಿಗೆ ಗಾಡಿ ಹತ್ತಿಸಿ, ಮುಂದಿನ ಆರ್ಮು, ಹಿಂದಿನ ಆಕ್ಸಲ್ ಎರಡರ ಬೋಲ್ಟನ್ನೂ ಸಡಿಲ ಮಾಡಿದರು. ಬಾನೆಟ್ ಹಿಡಿದು ನಾಲ್ಕು ಸಲ ಅಲುಗಾಡಿಸಿ, ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿದರು. ಅರ್ಧ ಗಂಟೆ ಕೆಲಸ. ಗಾಡಿ ಹೂವಿನ ಹಾಗೆ ಆಯಿತು ಅಂತ ಹೇಳಲಾರೆ. ಆದರೆ ನಿಧಾನಕ್ಕೆ ಹೋಗುವಾಗ ಇದ್ದ ಒಂದು ಬಗೆಯ ಬಿಗುವು ಹೋಯಿತು.

‘ಧಡ್’ ಮಾತ್ರ ಹಾಗೇ ಇತ್ತು.

ಅದಕ್ಕೆ ನಾನು ಮಾಡಿದ ಪರೀಕ್ಷೆಗೆ ಖರ್ಚಾಗಿದ್ದು ಎರಡು ಜಿಪ್ ಟೈ, ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ. ಚಕ್ರ ಬಿಚ್ಚಿ ಮುಂದಿನ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಜೋಡಣೆ) ರಬ್ಬರ್ ಬೂಟನ್ನು ಮೇಲಕ್ಕೆ ಸರಿಸಿದೆ. ಒಳಗೆ ಕನ್ನಡಿಯಂಥ ರಾಡ್. ಅದರ ಮೇಲೆ ಹಳದಿ ಫೋಮಿನ ತುಂಡು, ಅದೇ ಬಂಪ್ ಸ್ಟಾಪ್. ರಾಡಿಗೆ ಗೀರು ಬೀಳದ ಹಾಗೆ ಒಂದು ಜಿಪ್ ಟೈ ಸುತ್ತಿ, ಕೆಳಗೆ ಶಾಕ್ ಅಬ್ಸಾರ್ಬರ್ ಬಾಯಿಗೆ ತಾಗುವಷ್ಟು ಇಳಿಸಿದೆ. ಗಾಡಿ ಕೆಳಗೆ ಕೂತಾಗಲೆಲ್ಲ ಅದು ರಾಡ್ ಮೇಲೆ ತಳ್ಳಿಕೊಂಡು ಹೋಗಿ ಅಲ್ಲೇ ನಿಲ್ಲುತ್ತದೆ. ಎರಡು ಕಿಲೋಮೀಟರ್ ಓಡಿಸಿ ಬಂದು ಬೂಟ್ ಎತ್ತಿ ನೋಡಿದರೆ ಜಿಪ್ ಟೈ ಬಂಪ್ ಸ್ಟಾಪಿನ ಬುಡಕ್ಕೆ ಅಂಟಿಕೊಂಡು ಚಪ್ಪಟೆಯಾಗಿತ್ತು. ಆಮೇಲೆ ಗಾಡಿಯನ್ನು ನೆಲದ ಮೇಲೆ ನಿಲ್ಲಿಸಿ, ಸೀಟಲ್ಲಿ ನನ್ನ ತಮ್ಮನನ್ನು ಕೂರಿಸಿ, ಸ್ಟೇರಿಂಗ್ ತಿರುಗಿಸಿ ಕೈ ತೂರಿಸಿ ಅಳೆದೆ. ಶಾಕ್ ಅಬ್ಸಾರ್ಬರ್ ಬಾಯಿಗೂ ಬಂಪ್ ಸ್ಟಾಪಿಗೂ ನಡುವೆ ಉಳಿದಿದ್ದು 9 ಮಿ.ಮೀ. ಕಿರುಬೆರಳಿನ ದಪ್ಪಕ್ಕಿಂತ ಕಮ್ಮಿ.

ಎಲ್ಲ ಅರ್ಥವಾಗಿದ್ದು ಆಗ. ನಾನು 40 ಮಿ.ಮೀ. ಇಳಿಸಿದ್ದು ಬರೀ ಗಾಡಿಯ ಎತ್ತರವನ್ನಲ್ಲ. ಚಕ್ರ ಮೇಲಕ್ಕೆ ಹೋಗೋಕೆ ಇದ್ದ ಜಾಗದಿಂದಲೇ ಆ 40 ಮಿ.ಮೀ. ಕಿತ್ತುಕೊಂಡಿದ್ದೆ. ಚಿಕ್ಕ ಉಬ್ಬಿಗೂ 9 ಮಿ.ಮೀ. ಮುಗಿದು ಗಾಡಿ ಫೋಮಿನ ಮೇಲೆ ಕೂರುತ್ತಿತ್ತು. ಬಂಪ್ ಸ್ಟಾಪ್ ಅಪರೂಪಕ್ಕೆ ತಾಗಬೇಕಾದ್ದು. ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ, ಕೊನೆಗೆ ಕಲ್ಲಿನ ಹಾಗೆ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ನಿಯಮದ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, 25 ಕಿ.ಮೀ. ವೇಗದಲ್ಲಿ ದಾಟೋಕೆ. ನಮ್ಮ ಕಡೆ ಹಂಪುಗಳು ಅಷ್ಟು ಅಗಲ ಎಲ್ಲಿರುತ್ತವೆ? ಒಂದು ಮಾರು ಅಗಲಕ್ಕೆ ಡಾಂಬರು ಸುರಿದು ಗುಡ್ಡೆ ಮಾಡಿರುತ್ತಾರೆ. ಕಂಪನಿ ಸ್ವಿಫ್ಟಿಗೆ 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಕೊಟ್ಟಿದ್ದು ಸುಮ್ನೆ ಅಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಸ್ಪ್ರಿಂಗ್ ಡಬ್ಬಿಯಲ್ಲಿದ್ದ ಚೀಟಿಯಲ್ಲಿ ಬಂಪ್ ಸ್ಟಾಪ್ ಕತ್ತರಿಸಿ ಅಂತ ಇತ್ತು. ಅದನ್ನು ಅಂಗಡಿಯವರು ಮಾಡಿರಲಿಲ್ಲ. ನಾನೇ ಕತ್ತರಿಸಿದೆ, ಆದರೆ ಚೀಟಿಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಕತ್ತರಿಸಿದೆ. ಎರಡು ದಿನ ಗಾಡಿ ತುಂಬಾ ಚೆನ್ನಾಗಿ ಓಡಿತು. ಮೂರನೇ ದಿನ ಮೋರಿಯ ಮೇಲೆ ‘ಟಣ್’ ಅಂತ ಕಬ್ಬಿಣದ ಸದ್ದು. ಶಾಕ್ ಅಬ್ಸಾರ್ಬರ್ ಒಳಗಿನ ಪಿಸ್ಟನ್ ತಳಕ್ಕೆ ಹೋಗಿ ಬಡಿದಿತ್ತು. ಒಂದೂವರೆ ತಿಂಗಳಲ್ಲಿ ಎಡಗಡೆ ಮುಂದಿನದು ಎಣ್ಣೆ ಸೋರೋಕೆ ಶುರು ಮಾಡಿತು. ಬಂಪ್ ಸ್ಟಾಪ್ ಇರೋದೇ ಆ ಪೆಟ್ಟು ತಡೆಯೋಕೆ. ದಯವಿಟ್ಟು ಚಾಕು ಹಿಡಿಯುವ ಮುಂಚೆ ಶಾಕ್ ಅಬ್ಸಾರ್ಬರಿನಲ್ಲಿ ಎಷ್ಟು ಜಾಗ ಉಳಿದಿದೆ ಅಂತ ಅಳೆದು ನೋಡಿ.

ಹೇಗಿದ್ದರೂ ಆ ಶಾಕ್ ಅಬ್ಸಾರ್ಬರುಗಳು 70,000 ಕಿ.ಮೀ. ಓಡಿದ್ದವು. ಗಿಡ್ಡ ಸ್ಪ್ರಿಂಗ್ ಸಾಮಾನ್ಯವಾಗಿ ಮೂಲದ್ದಕ್ಕಿಂತ ಗಟ್ಟಿ ಇರುತ್ತೆ. ಅದು ವಾಪಸ್ ಚಿಮ್ಮುವ ಜೋರನ್ನು ಹಳೇ ಶಾಕ್ ಅಬ್ಸಾರ್ಬರ್ ಹಿಡಿಯಲಾರದು. ಕುಣಿತಕ್ಕೆ ಕಾರಣ ಅದೇ. ಬೆಂಗಳೂರಲ್ಲಿ ಗಾಡಿ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದು, ಬಾಡಿಯೇ ಗಿಡ್ಡ ಇರುವ ಶಾಕ್ ಅಬ್ಸಾರ್ಬರ್ ಮತ್ತು ಅದಕ್ಕೆ ಹೊಂದುವ, ಬರೀ 20 ಮಿ.ಮೀ. ಇಳಿಸುವ ಸ್ಪ್ರಿಂಗ್ ಒಟ್ಟಿಗೇ ಕೊಂಡೆ. ಹೊಸ ಬಂಪ್ ಸ್ಟಾಪ್, ಮೇಲಿನ ಮೌಂಟ್ ರಬ್ಬರ್ ಎಲ್ಲ ಹಾಕಿಸಿದೆ. ಬುಷ್ ಬೋಲ್ಟ್ ಬಿಗಿಯುವಾಗ ಪಕ್ಕದಲ್ಲೇ ನಿಂತಿದ್ದೆ. ಈಗ ಅಳೆದರೆ 34 ಮಿ.ಮೀ. ಜಾಗ. ಅದೇ ರಸ್ತೆ, ಅದೇ ವೇಗ: ಮೂರನೇ ಹಂಪಿನಲ್ಲಿ ಮಾತ್ರ ಜಿಪ್ ಟೈ ಫೋಮಿಗೆ ತಾಗಿತು, ಅದೂ ಮೆಲ್ಲಗೆ.

ಉಳಿದಿದ್ದು ಚಕ್ರ. ಊರಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿ ಇದೆ. ಅದರ ಮೇಲೆ 17 ಇಂಚಿನ ಅಲಾಯನ್ನು ಟೈರಿನ ಸಮೇತ ಇಟ್ಟೆ: 20 ಕಿಲೋ. ಕಂಪನಿಯ 15 ಇಂಚಿನದು ಹದಿನೈದೂವರೆ. ಚಕ್ರ ಭಾರ ಆದಷ್ಟೂ ಗುಂಡಿಯಲ್ಲಿ ಅದನ್ನು ಮೇಲೆ ಕೆಳಗೆ ಹತೋಟಿಯಲ್ಲಿಡುವುದು ಶಾಕ್ ಅಬ್ಸಾರ್ಬರಿಗೆ ಕಷ್ಟ. ಒಂದು ಡಿಸ್ಕಿನ ಒಳ ಅಂಚು ಅಷ್ಟರಲ್ಲಿ ಬಾಗಿಯೂ ಇತ್ತು. ಮಾರಿಬಿಟ್ಟು 195/55 ಆರ್16ಕ್ಕೆ ಬಂದೆ. ಈ ಅಳತೆಯ ಚಕ್ರದ ಒಟ್ಟು ಎತ್ತರ 621 ಮಿ.ಮೀ., ಕಂಪನಿಯದಕ್ಕೆ ಹೆಚ್ಚೂ ಕಮ್ಮಿ ಸಮ. ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಟೈರಿನ ಗೋಡೆ 107 ಮಿ.ಮೀ. ಆ 15 ಮಿ.ಮೀ. ರಬ್ಬರ್ ವಾಪಸ್ ಬಂದಿದ್ದನ್ನು ಪೀಣ್ಯ ಫ್ಲೈಓವರ್ ಮೇಲೆ ಮೊದಲ ಜಾಯಿಂಟಿನಲ್ಲೇ ಗುರುತಿಸಿದೆ. ನೋಡೋಕೆ 17ರ ಗತ್ತು ಇಲ್ಲ, ಅದು ನಿಜ. ನನಗೆ ಈಗ ಇದೇ ಇಷ್ಟ.

ಇನ್ನೊಂದು ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಏನೇ ಹಾಕಿಸುವ ಮುಂಚೆ ಅದನ್ನು ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಹೊಸ ಸ್ಪ್ರಿಂಗ್ ಸಾವಿರ ಕಿಲೋಮೀಟರ್ ಓಡಿದ ಮೇಲೆ ಇನ್ನೂ 4 ಮಿ.ಮೀ. ಕೂತಿತು. ಮತ್ತೊಮ್ಮೆ ಅಲೈನ್‌ಮೆಂಟ್ ಮಾಡಿಸಿದೆ, ಇಲ್ಲದಿದ್ದರೆ ಟೈರಿನ ಒಳ ಅಂಚು ಸವೆಯುತ್ತಿತ್ತು. ಜಿಪ್ ಟೈಗಳನ್ನು ರಾಡಿನಲ್ಲೇ ಬಿಟ್ಟಿದ್ದೇನೆ. ಅಮ್ಮ ಹೋದ ತಿಂಗಳು ಹಾಸನದಿಂದ ಬೇಲೂರಿನವರೆಗೆ ಹಿಂದಿನ ಸೀಟಲ್ಲಿ ನಿದ್ದೆ ಮಾಡಿದಳು. ಬೇಲೂರಲ್ಲಿ ಕಾಫಿಗೆ ನಿಲ್ಲಿಸಿದಾಗ ನಾನೇ ಎಬ್ಬಿಸಬೇಕಾಯಿತು.