ಸ್ವಾಹಿಲಿ-ಇಂಗ್ಲಿಷ್ ಬೆರೆತ ಮಾತನ್ನು ಬಿಡಿಸಿ ಬರೆಯುವುದು: ನನ್ನ ಅನುಭವ

ನೈರೋಬಿಯ ಮಾತುಕತೆಯನ್ನು ಬರಹಕ್ಕಿಳಿಸಿ, ಯಾವುದು ಸ್ವಾಹಿಲಿ, ಯಾವುದು ಇಂಗ್ಲಿಷ್ ಎಂದು ಗುರುತು ಹಾಕುವಾಗ ಪದಕ್ಕೊಂದು ಗುರುತು ಎಂದುಕೊಂಡರೆ ಮೊದಲ ಸಾಲಿನಲ್ಲೇ ಎಡವುತ್ತೇವೆ. ಕನ್ನಡದಲ್ಲಿ ‘ಡೌನ್‌ಲೋಡ್ ಮಾಡಿದ್ದೀನಿ’ ಅನ್ನುತ್ತೇವೆ. ಇಂಗ್ಲಿಷ್ ಪದ ಹಾಗೇ ಉಳಿದು, ಕಾಲವನ್ನೂ ಕರ್ತೃವನ್ನೂ ‘ಮಾಡು’ ಹೊರುತ್ತದೆ. ಸ್ವಾಹಿಲಿಯಲ್ಲಿ ಅದೇ ಮಾತು ‘ನಿಮೆಡೌನ್‌ಲೋಡ್’. ‘ನಿ’ ಎಂದರೆ ನಾನು, ‘ಮೆ’ ಎಂದರೆ ಮುಗಿದ ಕೆಲಸ, ಮಿಕ್ಕಿದ್ದು ಇಂಗ್ಲಿಷ್. ಒಂದೇ ಪದದ ಹೊಟ್ಟೆಯಲ್ಲಿ ಎರಡು ಭಾಷೆ.

ಹಾಗಾಗಿ ನಾನು ಧ್ವನಿಮುದ್ರಣದ ಜೊತೆಜೊತೆಗೇ ಬರಹ ಜೋಡಿಸುವ ಇಲಾನ್ ತಂತ್ರಾಂಶದಲ್ಲಿ ಪ್ರತಿಯೊಬ್ಬರ ಮಾತಿಗೂ ಮೂರು ಪದರ ಇಡುತ್ತೇನೆ: ಕಿವಿಗೆ ಬಿದ್ದದ್ದು, ಪ್ರತ್ಯಯ ಬಿಡಿಸಿದ್ದು, ತುಣುಕು ತುಣುಕಿಗೂ ಭಾಷೆಯ ಗುರುತು. ‘ಅಮೆನಿಬ್ಲಾಕ್’ ಬಂದರೆ ಅ-ಮೆ-ನಿ-ಬ್ಲಾಕ್: ಅವನು ನನ್ನನ್ನು ಬ್ಲಾಕ್ ಮಾಡಿದ್ದಾನೆ. ಮೂರು ತುಣುಕು ಸ್ವಾಹಿಲಿ, ಒಂದು ಇಂಗ್ಲಿಷ್. ಒಂದು ನಿಮಿಷದ ಮಾತಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಒಬ್ಬೊಬ್ಬರಿಗೂ ಬೇರೆ ಕಾಲರ್ ಮೈಕ್ ಹಾಕದೆ ಮುದ್ರಿಸಿದ್ದರೆ, ಮಾತಿನ ಮೇಲೆ ಮಾತು ಬಿದ್ದ ಕಡೆ ಈ ಕಿರು ಪ್ರತ್ಯಯಗಳು ಕೇಳಿಸುವುದೇ ಇಲ್ಲ. ಎಲ್ಲ ಲೆಕ್ಕವೂ ನಿಂತಿರುವುದು ಅವುಗಳ ಮೇಲೆ.

ಗುರುತನ್ನು ತಂತ್ರಾಂಶಕ್ಕೇ ಬಿಟ್ಟರೆ ಕಾಗುಣಿತ ಕೈಕೊಡುತ್ತದೆ. ‘ವಾಕೆ’ ಎಂದರೆ ಅವನ ಅಥವಾ ಅವಳ. ರೋಮನ್ ಲಿಪಿಯಲ್ಲಿ ಅದು ಇಂಗ್ಲಿಷಿನ ‘ವೇಕ್’. ಸಮಾಧಾನ ಹೇಳುವ ‘ಪೊಲೆ’ ಕಂಬದ ‘ಪೋಲ್’ ಆಗಿಬಿಡುತ್ತದೆ. ಇಂಥ ಪದಗಳ ಪಟ್ಟಿ ಮಾಡಿಟ್ಟುಕೊಂಡು ಪ್ರತಿಯೊಂದನ್ನೂ ಕೇಳಿಯೇ ತೀರ್ಮಾನಿಸಬೇಕು.

ಮುಂದಿನದು ವಾಕ್ಯದ ಚೌಕಟ್ಟು ಯಾವ ಭಾಷೆಯದು ಎಂಬುದು. ಬೆರೆತ ಮಾತಿನಲ್ಲಿ ಒಂದು ಭಾಷೆ ವ್ಯಾಕರಣದ ಚೌಕಟ್ಟು ಕೊಡುತ್ತದೆ, ಇನ್ನೊಂದರ ಪದಗಳು ಅದರೊಳಗೆ ಕೂರುತ್ತವೆ ಎಂದು ಭಾಷಾವಿಜ್ಞಾನಿ ಕೆರೋಲ್ ಮಯರ್ಸ್-ಸ್ಕಾಟನ್ 1993ರಲ್ಲಿ ಮಂಡಿಸಿದ ಚೌಕಟ್ಟು-ಭಾಷೆಯ ಸಿದ್ಧಾಂತ ಬೆಳೆದದ್ದೇ ನೈರೋಬಿಯ ಮಾತಿನಿಂದ. ಪದಗಳ ಎಣಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಇಂಗ್ಲಿಷ್ ಪದಗಳೇ ಹೆಚ್ಚಿದ್ದೂ ಚೌಕಟ್ಟು ಸ್ವಾಹಿಲಿಯದಾಗಿರಬಹುದು. ನಾನು ನೋಡುವುದು ಪ್ರತ್ಯಯ, ಪದಕ್ರಮ. ಅವನು ಓಡಿಸಿದ ಎನ್ನಲು ‘ಅಲಿಡ್ರೈವ್’ ಬರುತ್ತದೆ, ‘ಅಲಿಡ್ರೋವ್’ ಬರುವುದಿಲ್ಲ. ಭೂತಕಾಲವನ್ನು ‘ಲಿ’ ಆಗಲೇ ಹೊತ್ತಿದೆ. ‘ಫೋನ್ ಯಾಂಗು’ ಎಂದರೆ ನನ್ನ ಫೋನ್: ನಾಮಪದ ಮೊದಲು, ‘ನನ್ನ’ ಆಮೇಲೆ. ಅದೇ ಬಾಸ್ ಆದರೆ ‘ಬಾಸ್ ವಾಂಗು’. ಸ್ವಾಹಿಲಿ ನಾಮಪದಗಳನ್ನು ವರ್ಗಗಳಾಗಿ ವಿಂಗಡಿಸುತ್ತದೆ, ಮನುಷ್ಯರಿಗೆ ಬೇರೆ ವರ್ಗ. ಬಂದ ಪದಕ್ಕೂ ಹೀಗೆ ವರ್ಗ ಹಚ್ಚುವ ಭಾಷೆ ಕುಸಿಯುತ್ತಿದೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ನಿಷೇಧದಲ್ಲಿ ಮಾತ್ರ ಎಚ್ಚರ ಬೇಕು: ನನಗೆ ಇಷ್ಟವಿಲ್ಲ ಎನ್ನುವ ‘ಸಿಪೆಂಡಿ’ಯಲ್ಲಿ ‘ಪೆಂಡಾ’ದ ಕೊನೆಯ ಸ್ವರ ‘ಇ’ಗೆ ತಿರುಗುತ್ತದೆ, ‘ಸಿಅಂಡರ್‌ಸ್ಟ್ಯಾಂಡ್’ನಲ್ಲಿ ತಿರುಗುವುದಿಲ್ಲ. ಅದನ್ನು ತಪ್ಪು ಎಂದು ತಿದ್ದಲು ಹೋಗಬಾರದು.

ಎರವಲು ಪದಗಳದು ಬೇರೆ ತಕರಾರು. ಶಾಲೆ ಎನ್ನುವ ‘ಶುಲೆ’ ಜರ್ಮನ್‌ನಿಂದ, ‘ಮೇಜಾ’ ಪೋರ್ಚುಗೀಸ್‌ನಿಂದ, ‘ಗಾರಿ’ ನಮ್ಮ ಕಡೆಯ ಗಾಡಿಯೇ. ಇವನ್ನು ಯಾರೂ ಪರಭಾಷೆಯೆಂದು ಎಣಿಸುವುದಿಲ್ಲ. ಡ್ರೈವರ್ ‘ಡೆರೆವಾ’ ಆಗಿ, ಬಹುವಚನದಲ್ಲಿ ‘ಮಡೆರೆವಾ’ ಆದರೆ ಸ್ವಾಹಿಲಿ ಎಂದೇ ಬರೆಯುತ್ತೇನೆ. ಮನೆಗೆ ‘ಕೇಜಾ’, ಕಾರಿಗೆ ‘ಡಿಂಗಾ’ ಎನ್ನುವ ಶೆಂಗ್ ಪದಗಳಿಗೆ, ಅಂದರೆ ಸ್ವಾಹಿಲಿ-ಇಂಗ್ಲಿಷ್ ಬೆರೆತು ಹುಟ್ಟಿದ ನೈರೋಬಿಯ ಯುವಜನರ ಆಡುಮಾತಿನ ಪದಗಳಿಗೆ, ಮೂರನೆಯ ಗುರುತು.

ಕೊನೆಗೆ 100 ಉಪವಾಕ್ಯಗಳನ್ನು ನೈರೋಬಿಯಲ್ಲೇ ಬೆಳೆದ ಇನ್ನೊಬ್ಬರಿಗೆ ಕೊಟ್ಟು, ನನ್ನ ಗುರುತು ತೋರಿಸದೆ ಹಾಕಿಸುತ್ತೇನೆ. ಭಿನ್ನಾಭಿಪ್ರಾಯ ಬರುವುದು ಹೆಚ್ಚಾಗಿ ಶೆಂಗ್‌ನಲ್ಲಿ, ಅಲ್ಲಿ ಅವರ ಕಿವಿಯೇ ಪ್ರಮಾಣ. ‘ಓಕೆ’ಗೂ ವ್ಯಕ್ತಿಗಳ ಹೆಸರಿಗೂ ಯಾವ ಭಾಷೆಯ ಗುರುತನ್ನೂ ಹಾಕುವುದಿಲ್ಲ.