ಮೊದಲ ಕೀಮೋಥೆರಪಿಗೆ ಸಿದ್ಧತೆ ಮತ್ತು ಆನಂತರದ ಇಪ್ಪತ್ತೊಂದು ದಿನಗಳ ಆರೈಕೆ

ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಗಿ ಕೀಮೋಥೆರಪಿಯ ದಿನಾಂಕ ನಿಗದಿಯಾದಾಗ, ಮನೆಯವರೆಲ್ಲರ ಭಯವೂ ಸಿದ್ಧತೆಯೂ ಆ ಒಂದು ದಿನದ ಸುತ್ತಲೇ ಇದ್ದವು. ಯಾರು ಜೊತೆಗೆ ಹೋಗಬೇಕು, ಬುತ್ತಿಗೆ ಏನು ಕಟ್ಟಬೇಕು, ಎಷ್ಟು ಗಂಟೆಗೆ ಹೊರಡಬೇಕು ಎಂಬುದನ್ನೆಲ್ಲ ವಾರದ ಮೊದಲೇ ತೀರ್ಮಾನಿಸಿದ್ದೆವು. ಆ ದಿನ ನಾವು ಅಂದುಕೊಂಡದ್ದಕ್ಕಿಂತ ಸುಸೂತ್ರವಾಗಿ ಕಳೆಯಿತು. ಏನು ಮಾಡಬೇಕೆಂದು ತಿಳಿಯದೆ ನಾವು ಕಂಗಾಲಾದದ್ದು ಮನೆಗೆ ಬಂದ ಮೇಲೆ, ಒಂಬತ್ತನೆಯ ರಾತ್ರಿ. ಹಾಗಾಗಿ ಮೊದಲ ಕೀಮೋಗೆ ತಯಾರಾಗುವವರು ಆಸ್ಪತ್ರೆಯ ದಿನಕ್ಕಿಂತ ಆಮೇಲೆ ಎರಡನೆಯ ಡೋಸ್‌ವರೆಗಿನ ಇಪ್ಪತ್ತೊಂದು ದಿನಗಳಿಗೆ ಮನೆಯನ್ನು ಅಣಿಗೊಳಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿ ಬರೆದಿರುವುದು ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕೊಡುವ ಡಾಕ್ಸೊರುಬಿಸಿನ್, ಸೈಕ್ಲೊಫಾಸ್ಫಮೈಡ್ ಮತ್ತು ಅನಂತರದ ಪ್ಯಾಕ್ಲಿಟ್ಯಾಕ್ಸೆಲ್ ಔಷಧಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಔಷಧ ಬದಲಾದಂತೆ ಅಡ್ಡಪರಿಣಾಮಗಳೂ ಬದಲಾಗುತ್ತವೆ, ಆದ್ದರಿಂದ ನಿಮ್ಮ ವೈದ್ಯರ ಮಾತೇ ಅಂತಿಮ.

ಮುಂಚಿನ ವಾರದ ಕೆಲಸಗಳು

ರಕ್ತಪರೀಕ್ಷೆ, ಯಕೃತ್ತು ಮತ್ತು ಮೂತ್ರಪಿಂಡಗಳ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಇವೆಲ್ಲ ಮೊದಲ ಡೋಸ್‌ಗೆ ಮುನ್ನ ಆಗಿರಬೇಕು. ಡಾಕ್ಸೊರುಬಿಸಿನ್ ಹೃದಯದ ಸ್ನಾಯುಗಳ ಮೇಲೆ ಪರಿಣಾಮ ಬೀರಬಲ್ಲ ಔಷಧವಾದ್ದರಿಂದ ಎಕೋ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಹುಳುಕು ಹಲ್ಲು ಅಥವಾ ಒಸಡಿನ ಬಾವು ಇದ್ದರೆ ಅದನ್ನು ಈಗಲೇ ದಂತವೈದ್ಯರಿಗೆ ತೋರಿಸಿಕೊಳ್ಳಬೇಕು, ಏಕೆಂದರೆ ಬಿಳಿ ರಕ್ತಕಣಗಳು ಇಳಿದಾಗ ಬಾಯೊಳಗಿನ ಸಣ್ಣ ಸೋಂಕೂ ದೊಡ್ಡದಾಗಿಬಿಡುತ್ತದೆ. ಮುಂದೆ ಮಕ್ಕಳು ಬೇಕೆನ್ನುವ ವಯಸ್ಸಿನವರು ಗಂಡಾಗಲಿ ಹೆಣ್ಣಾಗಲಿ, ವೀರ್ಯ ಅಥವಾ ಅಂಡಾಣುಗಳನ್ನು ಕಾಯ್ದಿರಿಸುವ ವಿಚಾರವನ್ನು ಸಂಕೋಚ ಬಿಟ್ಟು ಮೊದಲೇ ಕೇಳಬೇಕು. ಕೀಮೋ ಶುರುವಾದ ಮೇಲೆ ಆ ಅವಕಾಶ ಬಹುಪಾಲು ಕೈತಪ್ಪುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ಗರ್ಭ ನಿಲ್ಲದಂತೆ ಎಚ್ಚರ ವಹಿಸುವುದೂ ಅಗತ್ಯ.

ರೋಗಿ ಈಗಾಗಲೇ ಸೇವಿಸುತ್ತಿರುವ ಎಲ್ಲ ಮಾತ್ರೆ, ಚೂರ್ಣ, ಕಷಾಯಗಳ ಪಟ್ಟಿಯನ್ನು ವೈದ್ಯರ ಮುಂದಿಡುವುದು ಬಹಳ ಮುಖ್ಯ. ನಮ್ಮಲ್ಲಿ ಕ್ಯಾನ್ಸರ್ ಎಂದ ಕೂಡಲೇ ಯಾರಾದರೊಬ್ಬರು ಮಲೆನಾಡಿನ ನಾಟಿ ಔಷಧದ ಹೆಸರು ಹೇಳುತ್ತಾರೆ, ಇನ್ನೊಬ್ಬರು ಅಮೃತಬಳ್ಳಿಯ ಕಷಾಯವನ್ನು ತಂದುಕೊಡುತ್ತಾರೆ. ಅವರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಕೀಮೋ ಔಷಧಗಳಲ್ಲಿ ಅನೇಕವನ್ನು ಕರಗಿಸಿ ಹೊರಹಾಕಬೇಕಾದದ್ದು ಇದೇ ಯಕೃತ್ತು, ಮತ್ತು ಅಮೃತಬಳ್ಳಿಯ ಸೇವನೆಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಭಾರತದಲ್ಲೇ ವರದಿಯಾಗಿವೆ. ಚಿಕಿತ್ಸೆ ನಡೆಯುವ ತಿಂಗಳುಗಳಲ್ಲಿ ವೈದ್ಯರಿಗೆ ಹೇಳದೆ ಯಾವುದನ್ನೂ ಕೊಡಬೇಡಿ. ಚಕ್ಕೋತದಂಥ ಹಣ್ಣು ಕೂಡ ಕೆಲವು ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ಅದನ್ನೂ ಕೇಳಿಯೇ ತಿನ್ನಬೇಕು.

ಹಣದ ವಿಷಯದಲ್ಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು ನೆರವಿದೆ. ಆಧಾರ್ ಮತ್ತು ರೇಷನ್ ಕಾರ್ಡ್‌ನ ಹಲವು ಜೆರಾಕ್ಸ್ ಪ್ರತಿಗಳನ್ನು ಒಂದೇ ಫೈಲಿನಲ್ಲಿಟ್ಟುಕೊಂಡು, ಮೊದಲ ಡೋಸ್‌ಗೆ ಮುನ್ನವೇ ಅನುಮೋದನೆ ಪಡೆಯಿರಿ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಿಗೆ ದೂರದ ಜಿಲ್ಲೆಗಳಿಂದ ರೈಲಿನಲ್ಲಿ ಬರುವವರಿಗೆ ರೋಗಿ ಮತ್ತು ಒಬ್ಬ ಸಹಾಯಕರಿಗೆ ಟಿಕೆಟ್ ರಿಯಾಯಿತಿ ಇದೆ, ಅದರ ನಮೂನೆಗೆ ಆಸ್ಪತ್ರೆಯಲ್ಲೇ ಸಹಿ ಹಾಕಿಸಿಕೊಳ್ಳಬೇಕು.

ಮನೆಗೆ ತರಬೇಕಾದ ವಸ್ತುಗಳಲ್ಲಿ ಡಿಜಿಟಲ್ ಥರ್ಮಾಮೀಟರ್‌ಗೆ ಮೊದಲ ಸ್ಥಾನ. ಮೃದುವಾದ ಹಲ್ಲುಜ್ಜುವ ಬ್ರಷ್, ಓಆರ್‌ಎಸ್ ಪೊಟ್ಟಣ, ಕೈಗವಸು, ಮಾಸ್ಕ್ ಇವು ಆಮೇಲೆ.

ಡೇ ಕೇರ್‌ನಲ್ಲಿ (ಕೀಮೋ ಕೊಟ್ಟು ಅಂದೇ ಮನೆಗೆ ಕಳಿಸುವ ವಾರ್ಡಿನಲ್ಲಿ)

ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದು ವೈದ್ಯರು ಹೇಳದಿದ್ದರೆ ಇಡ್ಲಿ ಅಥವಾ ಉಪ್ಪಿಟ್ಟಿನಂಥ ಹಗುರವಾದ ತಿಂಡಿ ತಿಂದೇ ಹೊರಡಬೇಕು. ತೋಳನ್ನು ಸುಲಭವಾಗಿ ಮೇಲಕ್ಕೇರಿಸಬಹುದಾದ ಸಡಿಲ ಉಡುಪು, ಹವಾನಿಯಂತ್ರಿತ ಕೋಣೆಯ ಚಳಿಗೆ ಒಂದು ಶಾಲು, ನೀರಿನ ಬಾಟಲಿ ಇವು ಇರಲಿ. ಮೊದಲ ದಿನ ಔಷಧ ಹತ್ತುವ ಸಮಯಕ್ಕಿಂತ ಕಾಯುವ ಸಮಯವೇ ಹೆಚ್ಚು. ರಕ್ತದ ವರದಿ ನೋಡಿ, ಎತ್ತರ ಮತ್ತು ತೂಕಕ್ಕೆ ತಕ್ಕಂತೆ ಡೋಸ್ ಲೆಕ್ಕ ಹಾಕಿ, ಫಾರ್ಮಸಿಯಲ್ಲಿ ಔಷಧ ತಯಾರಾಗಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಮೊದಲಿಗೆ ವಾಂತಿ ತಡೆಯುವ ಇಂಜೆಕ್ಷನ್‌ಗಳು, ಬಳಿಕ ಮುಖ್ಯ ಔಷಧ.

ವಾರ್ಡಿನಲ್ಲಿ ಎಲ್ಲರೂ ಡಾಕ್ಸೊರುಬಿಸಿನ್ ಅನ್ನು ಕರೆಯುವುದು ಕೆಂಪು ಔಷಧ ಎಂದೇ. ಅದು ನಿಜವಾಗಿಯೂ ದಾಸವಾಳದ ನೀರಿನಂತೆ ಕೆಂಪಗಿರುತ್ತದೆ, ಮತ್ತು ಮುಂದಿನ ಒಂದೆರಡು ದಿನ ಮೂತ್ರವೂ ಕೆಂಪಾಗುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ರಕ್ತ ಹೋಗುತ್ತಿದೆ ಎಂದು ರೋಗಿ ಹೆದರುತ್ತಾರೆ. ಈ ಔಷಧ ನರದಿಂದ ಹೊರಕ್ಕೆ ಸೋರಿದರೆ ಸುತ್ತಲಿನ ಚರ್ಮ ಮತ್ತು ಮಾಂಸವನ್ನು ಸುಡುತ್ತದೆ. ಸೂಜಿಯ ಜಾಗದಲ್ಲಿ ಉರಿ, ಚುಚ್ಚಿದಂಥ ನೋವು, ಊತ ಯಾವುದೇ ಕಂಡರೂ ನರ್ಸ್ ಬರುವವರೆಗೆ ಸಹಿಸಿಕೊಂಡು ಕೂರಬಾರದು, ಕೂಡಲೇ ಕೂಗಿ ಕರೆಯಬೇಕು. ಕೈನರಗಳು ಸಣ್ಣವಾಗಿದ್ದರೆ ಪಿಕ್ ಲೈನ್ (ತೋಳಿನಿಂದ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಅಥವಾ ಪೋರ್ಟ್ (ಚರ್ಮದಡಿ ಇಡುವ ಔಷಧದ ಸಾಧನ) ಹಾಕಿಸಿಕೊಳ್ಳುವ ಬಗ್ಗೆ ಮೊದಲೇ ಕೇಳುವುದು ಒಳ್ಳೆಯದು. ಮುಂದೆ ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದಾಗ, ಮೊದಲ ಕೆಲವು ನಿಮಿಷಗಳಲ್ಲೇ ಮುಖ ಕೆಂಪಾಗುವುದು, ಎದೆ ಬಿಗಿಯುವುದು, ಉಸಿರು ಕಟ್ಟುವುದು ಇಂಥ ಅಲರ್ಜಿಯ ಲಕ್ಷಣ ಕಾಣಿಸಬಹುದು. ಅದನ್ನೂ ಆ ಕ್ಷಣವೇ ಹೇಳಬೇಕು.

ಸೈಕ್ಲೊಫಾಸ್ಫಮೈಡ್ ಮೂತ್ರಕೋಶವನ್ನು ಕೆರಳಿಸುವ ಔಷಧವಾದ್ದರಿಂದ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದಾಗಿ ನೀರಿಗೆ ಮಿತಿ ಇಲ್ಲದಿದ್ದರೆ, ಆ ದಿನ ಮತ್ತು ಮರುದಿನ ಧಾರಾಳವಾಗಿ ನೀರು ಕುಡಿದು ಆಗಾಗ ಮೂತ್ರ ಮಾಡಬೇಕು. ಮೊದಲ 48 ಗಂಟೆ ರೋಗಿಯ ಮೂತ್ರ, ಮಲ, ವಾಂತಿಯಲ್ಲಿ ಔಷಧದ ಅಂಶ ಇರುತ್ತದೆ. ಶೌಚಾಲಯಕ್ಕೆ ಎರಡು ಬಾರಿ ನೀರು ಹಾಕಿ, ಕೊಳೆಯಾದ ಬಟ್ಟೆಗಳನ್ನು ಕೈಗವಸು ಹಾಕಿಕೊಂಡು ಬೇರೆಯಾಗಿ ಒಗೆಯಿರಿ. ಅಷ್ಟು ಸಾಕು. ರೋಗಿಯನ್ನು ಮುಟ್ಟುವುದಕ್ಕೆ, ಮೊಮ್ಮಕ್ಕಳು ಅಪ್ಪಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಈ ಮಾತನ್ನು ಮನೆಯವರೆಲ್ಲರಿಗೂ ಬಿಡಿಸಿ ಹೇಳಿ. ತಟ್ಟೆ ಲೋಟಗಳನ್ನು ಬೇರೆ ಇಟ್ಟ ಮನೆಗಳಲ್ಲಿ ರೋಗಿ ಎಷ್ಟು ಕುಗ್ಗಿಹೋಗುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಾಕರಿಕೆ ಮತ್ತು ಊಟ

ವಾಂತಿ ಎರಡು ಹಂತಗಳಲ್ಲಿ ಬರುತ್ತದೆ: ಮೊದಲ 24 ಗಂಟೆಗಳಲ್ಲಿ ಒಮ್ಮೆ, ಎರಡನೆಯ ದಿನದಿಂದ ಐದನೆಯ ದಿನದೊಳಗೆ ಇನ್ನೊಮ್ಮೆ. ವಾಂತಿಯಾಗುತ್ತಿಲ್ಲ, ಮಾತ್ರೆ ಏಕೆ ಎಂದು ನಿಲ್ಲಿಸುವುದೇ ಮನೆಗಳಲ್ಲಿ ಆಗುವ ಸಾಮಾನ್ಯ ತಪ್ಪು. ಅಪ್ರೆಪಿಟೆಂಟ್, ಒಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್, ಒಲಾಂಜಪಿನ್ ಇವುಗಳಲ್ಲಿ ಏನನ್ನು ಬರೆದುಕೊಟ್ಟಿದ್ದರೂ, ಹೇಳಿದಷ್ಟು ದಿನ ಹೇಳಿದ ಹೊತ್ತಿಗೆ ನುಂಗಬೇಕು. ವಾಂತಿ ಶುರುವಾದ ಮೇಲೆ ತಡೆಯುವುದಕ್ಕಿಂತ ಬಾರದಂತೆ ತಡೆಯುವುದು ಎಷ್ಟೋ ಸುಲಭ. ಡೆಕ್ಸಾಮೆಥಸೋನ್ ನಿದ್ದೆ ಕೆಡಿಸುತ್ತದೆ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆಯ ಮಟ್ಟವನ್ನು ಏರಿಸುತ್ತದೆ. ಒಂಡಾನ್ಸೆಟ್ರಾನ್ ಮಲಬದ್ಧತೆ ತರುತ್ತದೆ. ಎರಡು ದಿನ ಮಲವಿಸರ್ಜನೆಯಾಗದಿದ್ದರೆ ವೈದ್ಯರನ್ನು ಕೇಳಿ ಔಷಧ ತೆಗೆದುಕೊಳ್ಳಬೇಕು, ಮನೆಯಲ್ಲಿ ಎನಿಮಾ ಕೊಡಬಾರದು.

ಅಕ್ಕನಿಗೆ ಮೂರನೆಯ ದಿನ ಒಗ್ಗರಣೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಸಾಸಿವೆ ಸಿಡಿಯುವ ಸದ್ದಿಗೇ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅಮ್ಮ ಆಗ ಅಡುಗೆಯ ಕ್ರಮವನ್ನೇ ಬದಲಿಸಿದರು: ಆರಿದ ರಾಗಿ ಅಂಬಲಿ, ಹೆಸರುಬೇಳೆ ಪೊಂಗಲ್, ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೊಸರು, ಎರಡು ಗಂಟೆಗೊಮ್ಮೆ ಒಂದೊಂದು ಸಣ್ಣ ಬಟ್ಟಲಿನಷ್ಟು. ಬಿಸಿ ಊಟಕ್ಕಿಂತ ಆರಿದ ಊಟಕ್ಕೆ ವಾಸನೆ ಕಡಿಮೆ ಎಂಬುದೇ ಇದರ ಗುಟ್ಟು. ಬಾಯಲ್ಲಿ ಲೋಹದ ರುಚಿ ಬರುತ್ತಿದ್ದರೆ ಸ್ಟೀಲ್ ಚಮಚದ ಬದಲು ಮರದ ಚಮಚ ಬಳಸಿ ನೋಡಿ. ರೋಗಿಗೆ ಅತ್ಯಂತ ಪ್ರಿಯವಾದ ತಿನಿಸನ್ನು ಕೀಮೋದ ಮೊದಲ ಎರಡು ದಿನ ಬಲವಂತವಾಗಿ ತಿನ್ನಿಸಬೇಡಿ. ವಾಕರಿಕೆಯೊಡನೆ ಬೆಸೆದುಕೊಂಡ ರುಚಿಯನ್ನು ನಾಲಿಗೆ ಬಹುಕಾಲ ದ್ವೇಷಿಸುತ್ತದೆ.

ಕೀಮೋ ಉಷ್ಣ, ಮೊಟ್ಟೆ ನಂಜು, ಬದನೆ ನಂಜು ಎಂದು ಪಥ್ಯ ಹೇಳುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಹೀಗೆ ಒಂದೊಂದನ್ನೇ ಬಿಡಿಸುತ್ತಾ ಹೋದರೆ ಕೊನೆಗೆ ರೋಗಿಯ ತಟ್ಟೆಯಲ್ಲಿ ಉಳಿಯುವುದು ಗಂಜಿ ಮಾತ್ರ, ತೂಕವೂ ಶಕ್ತಿಯೂ ಇಳಿಯುವುದು ಅಲ್ಲಿಂದಲೇ. ಬೇಳೆ, ಚೆನ್ನಾಗಿ ಬೆಂದ ಮೊಟ್ಟೆ, ಹಾಲು, ಮೀನು, ಕೋಳಿ ಇವುಗಳಲ್ಲಿ ಮನೆಗೆ ಒಗ್ಗುವ ಯಾವುದಾದರೂ ಪ್ರೋಟೀನ್ ಪ್ರತಿದಿನ ಹೊಟ್ಟೆಗೆ ಹೋಗಬೇಕು. ಕೊಡಬಾರದ್ದು ಹಸಿಯಾದ, ಹೊರಗಿನ ಅಥವಾ ಹಳೆಯ ಪದಾರ್ಥ: ನೆನೆಸಿದ ಬೇಳೆಯ ಕೋಸಂಬರಿ, ಬೀದಿ ಬದಿಯ ಕತ್ತರಿಸಿದ ಹಣ್ಣು, ಪಾನಿಪುರಿ, ಹಿಂದಿನ ದಿನದ ಸಾರು.

ಬಾಯಿಹುಣ್ಣು ಸಾಮಾನ್ಯವಾಗಿ ಎರಡನೆಯ ವಾರದ ಹೊತ್ತಿಗೆ ಕಾಡುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ, ಮೊದಲ ದಿನದಿಂದಲೇ ಪ್ರತಿ ಊಟದ ಬಳಿಕ ಮತ್ತು ಮಲಗುವ ಮುನ್ನ ಬಾಯಿ ಮುಕ್ಕಳಿಸುವುದು ಒಳ್ಳೆಯ ಅಭ್ಯಾಸ. ಆಲ್ಕೊಹಾಲ್ ಇರುವ ಮೌತ್‌ವಾಶ್ ಬೇಡ, ಅದು ಬಾಯಿಯನ್ನು ಇನ್ನಷ್ಟು ಒಣಗಿಸುತ್ತದೆ.

ಏಳರಿಂದ ಹದಿನಾಲ್ಕನೆಯ ದಿನದವರೆಗೆ

ಕೀಮೋ ಔಷಧ ಬೇಗ ವಿಭಜನೆಯಾಗುವ ಕೋಶಗಳನ್ನು ಕೊಲ್ಲುತ್ತದೆ. ಎಲುಬಿನ ಮಜ್ಜೆಯಲ್ಲಿ ದಿನವೂ ಹುಟ್ಟುವ ಬಿಳಿ ರಕ್ತಕಣಗಳೂ ಆ ಹೊಡೆತಕ್ಕೆ ಸಿಗುತ್ತವೆ. ಈಗಾಗಲೇ ರಕ್ತದಲ್ಲಿರುವ ಕಣಗಳು ತೀರುತ್ತಾ ಬಂದು ಹೊಸವು ಇನ್ನೂ ಬಾರದ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಕೌಂಟ್ಸ್, ಅಂದರೆ ರಕ್ತಕಣಗಳ ಸಂಖ್ಯೆ, ತಳ ಮುಟ್ಟುತ್ತದೆ. ವಿಚಿತ್ರವೆಂದರೆ ಅಷ್ಟು ಹೊತ್ತಿಗೆ ವಾಕರಿಕೆ ನಿಂತು ರೋಗಿ ಚೇತರಿಸಿಕೊಂಡಂತೆ ಕಾಣುತ್ತಾರೆ, ಮನೆಯವರ ಎಚ್ಚರ ಸಡಿಲಾಗುತ್ತದೆ.

ನಮ್ಮಲ್ಲಿಯೂ ಹಾಗೆಯೇ ಆಯಿತು. ಒಂಬತ್ತನೆಯ ರಾತ್ರಿ ಅಕ್ಕನಿಗೆ ಚಳಿ ಹಿಡಿಯಿತು. ನಾನು ಜ್ವರವನ್ನು ಅಳೆಯದೆ ಪ್ಯಾರಾಸಿಟಮಾಲ್ ಕೊಟ್ಟೆ, ಮೈ ತಣ್ಣಗಾಯಿತು, ಬೆಳಿಗ್ಗೆ ನೋಡಿದರಾಯಿತೆಂದು ಎಲ್ಲರೂ ಮಲಗಿದೆವು. ಬೆಳಗಿನ ಜಾವ ಆಕೆಗೆ ಎದ್ದು ಕೂರಲೂ ಶಕ್ತಿ ಇರಲಿಲ್ಲ. ಆಸ್ಪತ್ರೆಯಲ್ಲಿ ನೋಡಿದಾಗ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿತ್ತು, ಅಂದರೆ ಅಪಾಯದ ಮಟ್ಟಕ್ಕೆ ಇಳಿದಿತ್ತು. ಐದು ದಿನ ನರಕ್ಕೆ ಆ್ಯಂಟಿಬಯಾಟಿಕ್ ಹಾಕಬೇಕಾಯಿತು. ಮಾತ್ರೆ ಜ್ವರವನ್ನು ಮುಚ್ಚಿಹಾಕಿತ್ತು, ಸೋಂಕನ್ನು ಮುಟ್ಟಿರಲಿಲ್ಲ. ಆ ಏಳೆಂಟು ಗಂಟೆಗಳನ್ನು ಕಳೆದದ್ದು ನನ್ನ ತಪ್ಪಿನಿಂದ, ಮತ್ತು ಇದನ್ನು ಓದುವ ಯಾರ ಮನೆಯಲ್ಲೂ ಅದು ಮರುಕಳಿಸಬಾರದು ಎಂಬುದೇ ಇದನ್ನು ಬರೆಯಲು ಮುಖ್ಯ ಕಾರಣ.

ಆದ್ದರಿಂದ ಈ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ, ಜೊತೆಗೆ ಚಳಿ, ನಡುಕ, ವಿಪರೀತ ಸುಸ್ತು ಎನಿಸಿದಾಗಲೆಲ್ಲ ಜ್ವರವನ್ನು ಅಳೆದು ಬರೆದಿಡಿ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತುರ್ತುಪರಿಸ್ಥಿತಿ. ಮಾತ್ರೆ ಕೊಡದೆ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಎಷ್ಟೇ ರಾತ್ರಿಯಾಗಿದ್ದರೂ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ದೂರದ ಊರಿನವರು ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಬೇಕು: ರಾತ್ರಿಯೂ ರಕ್ತಪರೀಕ್ಷೆ ಮಾಡಿ ನರಕ್ಕೆ ಆ್ಯಂಟಿಬಯಾಟಿಕ್ ಕೊಡಬಲ್ಲ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ, ಕೀಮೋ ಔಷಧಗಳ ಹೆಸರು ಮತ್ತು ಕೊಟ್ಟ ದಿನಾಂಕವಿರುವ ಡಿಸ್‌ಚಾರ್ಜ್ ಸಾರಾಂಶವನ್ನು ಬಾಗಿಲ ಬಳಿಯೇ ಇಟ್ಟಿರಬೇಕು. ತುರ್ತು ವಿಭಾಗದಲ್ಲಿ ಆಡಬೇಕಾದ ಮೊದಲ ಮಾತು, ಇವರಿಗೆ ಒಂಬತ್ತು ದಿನದ ಹಿಂದೆ ಕೀಮೋ ಆಗಿದೆ, ಜ್ವರ ಬಂದಿದೆ ಎಂಬುದು.

ಉಸಿರಾಟದ ತೊಂದರೆ, ನಿಲ್ಲದ ರಕ್ತಸ್ರಾವ, ಒಂದು ದಿನವಿಡೀ ನೀರೂ ನಿಲ್ಲದಷ್ಟು ವಾಂತಿ, ಎಂದಿಗಿಂತ ನಾಲ್ಕಕ್ಕೂ ಹೆಚ್ಚು ಬಾರಿ ಭೇದಿ ಇವಕ್ಕೂ ಕಾಯಬಾರದು. ಕೆಲವರಿಗೆ ಕೀಮೋ ಮುಗಿದ 24 ಗಂಟೆಯ ಬಳಿಕ ಕೌಂಟ್ಸ್ ಏರಿಸುವ ಇಂಜೆಕ್ಷನ್ ಕೊಡುತ್ತಾರೆ, ಅದರಿಂದ ಸೊಂಟ ಮತ್ತು ಎಲುಬುಗಳಲ್ಲಿ ನೋವು ಬರುವುದು ಸಹಜ. ಮದುವೆ, ಜಾತ್ರೆ, ನೆಗಡಿಯಾದ ನೆಂಟರು ಇವುಗಳಿಂದ ಈ ವಾರ ದೂರವಿರಿ. ನೋಡಲು ಬರುವವರಿಗೆ ಮೂರನೆಯ ವಾರ ಬನ್ನಿ ಎಂದು ಹೇಳುವುದರಲ್ಲಿ ಅಗೌರವವೇನೂ ಇಲ್ಲ.

ಕೂದಲು

ಕೆಂಪು ಔಷಧದ ನಂತರ ಎರಡರಿಂದ ಮೂರು ವಾರಗಳಲ್ಲಿ ಕೂದಲು ಉದುರತೊಡಗುತ್ತದೆ. ಅಕ್ಕ ಅದಕ್ಕೆ ಕಾಯಲಿಲ್ಲ. ಮೊದಲ ಕೀಮೋಗೆ ನಾಲ್ಕು ದಿನ ಮುಂಚೆ ನಂಜನಗೂಡಿಗೆ ಹೋಗಿ, ಸೊಂಟದವರೆಗಿದ್ದ ಜಡೆಯನ್ನು ನಂಜುಂಡೇಶ್ವರನಿಗೆ ಮುಡಿ ಕೊಟ್ಟು ಬಂದಳು. ಹಿಂದಿರುಗುವಾಗ ಬಸ್ಸಿನಲ್ಲಿ ಸೆರಗನ್ನು ತಲೆಗೆ ಹೊದ್ದು ಕಿಟಕಿಯ ಪಕ್ಕ ಕೂತವಳು, ಉದುರಿ ಹೋಗುವುದಕ್ಕಿಂತ ಕೊಟ್ಟದ್ದು ಹಗುರವಾಗಿದೆ ಎಂದಳು. ದೇವಸ್ಥಾನ, ನದಿಸ್ನಾನ ಎಂದು ಹೋಗುವ ಮನಸ್ಸಿದ್ದವರು ಹೀಗೆ ಕೀಮೋಗೆ ಮೊದಲೇ ಹೋಗಿಬರುವುದು ಕ್ಷೇಮ. ಹರಕೆ ಬೇಡದವರು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡರೂ ದಿಂಬಿನ ಮೇಲೆ ರಾಶಿ ಬೀಳುವ ಆಘಾತ ಕಡಿಮೆಯಾಗುತ್ತದೆ. ಚಿಕಿತ್ಸೆ ಮುಗಿದ ಕೆಲವು ತಿಂಗಳುಗಳಲ್ಲಿ ಹೊಸ ಕೂದಲು ಬರುತ್ತದೆ.

ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅಳು ಬರುತ್ತಿದ್ದರೆ, ರೋಗಿಯಾಗಲಿ ನೋಡಿಕೊಳ್ಳುವವರಾಗಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಎರಡನೆಯ ಡೋಸ್‌ಗೆ ಮುನ್ನ

ಜ್ವರ, ವಾಂತಿ, ಮಲ, ಊಟ, ನಿದ್ದೆ ಇವನ್ನು ದಿನಾಂಕದೊಂದಿಗೆ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬನ್ನಿ. ಪ್ಯಾಕ್ಲಿಟ್ಯಾಕ್ಸೆಲ್ ಹಂತದಲ್ಲಿ ಬೆರಳ ತುದಿ ಜೋಮು ಹಿಡಿಯುವುದು, ರವಿಕೆಯ ಗುಂಡಿ ಹಾಕಲು ಕಷ್ಟವಾಗುವುದು ಕಂಡುಬಂದರೆ ಅದನ್ನೂ ಬರೆಯಬೇಕು, ಏಕೆಂದರೆ ಸ್ಪರ್ಶ ತಿಳಿಸುವ ನರಗಳಿಗೆ ಆಗುತ್ತಿರುವ ಹಾನಿಯನ್ನು ವೈದ್ಯರು ತಿಳಿಯುವುದು ಮುಖ್ಯವಾಗಿ ರೋಗಿಯ ಮಾತಿನಿಂದಲೇ. ಹತ್ತೊಂಬತ್ತನೆಯ ಅಥವಾ ಇಪ್ಪತ್ತನೆಯ ದಿನ ಮತ್ತೆ ರಕ್ತಪರೀಕ್ಷೆ ಆಗುತ್ತದೆ. ಕೌಂಟ್ಸ್ ಏರದಿದ್ದರೆ ಡೋಸ್ ಅನ್ನು ಒಂದು ವಾರ ಮುಂದೂಡಬಹುದು. ಹಾಗಾದಾಗ ಚಿಕಿತ್ಸೆ ಕೈಕೊಟ್ಟಿತೆಂದು ಗಾಬರಿಯಾಗಬೇಕಿಲ್ಲ. ಅಕ್ಕನ ಎರಡನೆಯ ಡೋಸ್ ಆರು ದಿನ ತಡವಾಯಿತು. ವೈದ್ಯರು ನೋಟ್‌ಬುಕ್ಕಿನ ಒಂಬತ್ತನೆಯ ದಿನದ ಪುಟ ನೋಡಿ ಕೌಂಟ್ಸ್ ಏರಿಸುವ ಇಂಜೆಕ್ಷನ್ ಬರೆದುಕೊಟ್ಟರು, ಉಳಿದ ಡೋಸ್‌ಗಳಲ್ಲಿ ಮತ್ತೆ ಜ್ವರ ಬರಲಿಲ್ಲ.